‘ಕೆ.ಜಿ.ಎಫ್.’ ಚಿತ್ರದಲ್ಲಿ ಕೋವಿ ಮತ್ತು ತೋಟೆ

ಪ್ರಶಾಂತ್ ನೀಲ್ ಅವರು ನಿರ್ದೇಶಿಸಿ, ಯಶ್ ಅವರು ನಾಯಕರಾಗಿ ಅಭಿನಯಿಸಿದ ‘ಕೆ.ಜಿ.ಎಫ್.’ ಚಿತ್ರದ ಮೊದಲನೆಯ ಅಧ್ಯಾಯವು ೨೦೧೮ರ ಡಿಸೆಂಬರಿನಲ್ಲಿಯೂ ಎರಡನೆಯದು ೨೦೨೨ರ ಏಪ್ರಿಲಿನಲ್ಲಿಯೂ ತೆರೆಗೆ ಬಂದುವು. ಕನ್ನಡದ ಚಿತ್ರವೊಂದನ್ನು ಭರತಖಂಡದ ಉದ್ದಗಲಕ್ಕೂ ಜನರು ಮುಗಿಬಿದ್ದು ನೋಡಿದುದು ಸಾಮಾನ್ಯವಾದ ಸಂಗತಿಯಲ್ಲ. ಅದರ ಫಲವಾಗಿ, ಕೋಲಾರದ ಚಿನ್ನದ ಗಣಿಯೆಂದೊಡನೆ ಈಗ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಮಾರಿಕುಪ್ಪವೂ ಅಲ್ಲ, ಚಾಂಪಿಯನ್ ರೀಫೂ ಅಲ್ಲ. ನರಾಚಿಯೆಂಬ ಕಲ್ಪಿತಸ್ಥಳ ಮತ್ತು ಅಲ್ಲಿ ಮೊರೆಯುವ ಕೋವಿಗಳು. ಆದುದರಿಂದ ಈ ಕೋವಿಗಳ ಸತ್ಯಾಸತ್ಯತೆಯ ವಿಚಾರವು ಹುಡುಗರ ಹರಟೆಯೆಂದು ತಳ್ಳಿಬಿಡತಕ್ಕುದಲ್ಲ.

ಚಿತ್ರವು ತನ್ನ ಬೆನ್ನಿಗೆ ಒಂದು ರಕ್ಷೆಯನ್ನು ಕಟ್ಟಿಕೊಂಡಿದೆ. ಕಥೆಯೆಲ್ಲವೂ ಆನಂದ ಇಂಗಳಗಿಯೆಂಬ ಪತ್ರಕರ್ತನು ಬರೆದ ‘ಎಲ್ ಡೊರಾಡೊ’ ಎಂಬ ಗ್ರಂಥದೊಳಗಿನದು. ಸರಕಾರವು ಆ ಗ್ರಂಥವನ್ನು ನಿಷೇಧಿಸಿ ಸುಡಿಸಿತು. ಉಳಿದುದನ್ನು ಒಬ್ಬನು ನೆನೆದು ಹೇಳುತ್ತಾನೆ, ಮತ್ತೊಬ್ಬನು ಓದಿ ಹೇಳುತ್ತಾನೆ. ಸುಟ್ಟುಹೋದ ಪುಸ್ತಕದ ತಪ್ಪನ್ನು ಹಿಡಿಯಬಲ್ಲವರಾರು? ಉಪಾಯವು ಜಾಣತನದ್ದೇ. ಆದರೆ ಅದೇ ಚಿತ್ರವು ಇಸವಿಗಳನ್ನು ಹೇಳುತ್ತದೆ, ಊರನ್ನು ಹೇಳುತ್ತದೆ, ಕೋವಿಯ ಹೆಸರನ್ನೂ ಹೇಳುತ್ತದೆ. ಹೆಸರು ಹಿಡಿದು ಕರೆದ ಮೇಲೆ ಆ ವಸ್ತುವಿನ ಗುಣಧರ್ಮಕ್ಕೆ ಕೃತಿಯು ಋಣಿಯಾಗುತ್ತದೆ.

ಎರಡನೆಯ ಅಧ್ಯಾಯದ ಪ್ರಸಿದ್ಧವಾದ ಯಂತ್ರಕೋವಿಗೆ ‘ದೊಡ್ಡಮ್ಮ’ನೆಂದು ಹೆಸರು. ಗಂಗಮ್ಮ ಮಾರಮ್ಮರ ಗುಡಿಯಿಲ್ಲದ ಹಳ್ಳಿಯೇ ವಿರಳವಾದ ಈ ಸೀಮೆಯಲ್ಲಿ ಹೆಸರು ಎಷ್ಟು ಚೆನ್ನಾಗಿ ಒಪ್ಪಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಬಿಜಾಪುರದ ತೋಪಿಗೂ ‘ಮಲಿಕ್-ಎ-ಮೈದಾನ್’ ಎಂಬ ಬಿರುದಿದೆಯಷ್ಟೆ. ನಾಯಕನು ಪೋಲೀಸು ಠಾಣೆಯ ಮುಂದೆ ಇದನ್ನು ನಿಲ್ಲಿಸಿ ಎಡೆಬಿಡದೆ ಹಾರಿಸಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟನ್ನು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಹಲವರು ನಕ್ಕದ್ದು ಇಲ್ಲಿಯೇ. ವಿಚಿತ್ರವೇನೆಂದರೆ, ಚಿತ್ರದ ಕೋವಿವಿದ್ಯೆಯಲ್ಲಿ ಅತ್ಯಂತ ನಿಜಕ್ಕೆ ಹತ್ತಿರವಾದುದೂ ಇದೇ. ಬಿಡುವಿಲ್ಲದೆ ಗುಂಡು ಹಾರಿಸಿದರೆ ನಳಿಗೆಯು ನಿಜವಾಗಿಯೂ ಕೆಂಪಾಗುತ್ತದೆ. ಮ್ಯಾಕ್ಸಿಮ್, ವಿಕರ್ಸ್ ಮೊದಲಾದ ಹಳೆಯ ಯಂತ್ರಕೋವಿಗಳ ನಳಿಗೆಯ ಸುತ್ತ ನೀರಿನ ಕವಚವನ್ನು ತೊಡಿಸಿದುದು ಇದಕ್ಕಾಗಿಯೇ. ಹಾಗೆ ಕಾದ ನಳಿಗೆಯೊಳಗೆ ಉಳಿದ ತೋಟೆಯು ಕುದುರೆಯನ್ನು ಒತ್ತದೆಯೇ ಸಿಡಿಯುವುದೂ ಉಂಟು. ಅದರ ಸಮೀಪಕ್ಕೆ ಮುಖವನ್ನೊಡ್ಡುವುದು ಶೌರ್ಯವೋ ಅವಿವೇಕವೋ ಎಂಬುದು ಬೇರೆಯ ಪ್ರಶ್ನೆ.

ಕಲಾಶ್ನಿಕೋವ್ ಕೋವಿಯ ವಿಷಯವು ಹೀಗಲ್ಲ. ಇದು ಸೋವಿಯತ್ ಸೇನೆಯು ೧೯೪೯ರಲ್ಲಿ ಸ್ವೀಕರಿಸಿದ, ಜಗತ್ತೆಲ್ಲ ಬಲ್ಲ ಆಯುಧ. ಅಧೀರನ ಕಡೆಯವರಿಗೆ ಇದು ದೊರೆತೊಡನೆ ನಾಯಕನ ಪಾಳೆಯವು ತತ್ತರಿಸುವುದು, ಆತನು ದುಬಾಯಿಗೆ ಹೋಗಿ ಇನಾಯತ್ ಖಲೀಲನೊಡನೆ ವ್ಯವಹಾರವನ್ನು ಕುದುರಿಸುವುದು, ಇವು ಕಥೆಯ ತಿರುವುಗಳು. ಕಾಲವು ೧೯೮೦ರ ಆಸುಪಾಸು. ಭಾರತದೊಳಗೆ ಈ ಕೋವಿಯು ಕಾನೂನಿಗೆ ಹೊರಗಿನವರ ಕೈಗೆ ಯಥೇಚ್ಛವಾಗಿ ಬಂದುದು ಆಫ್ಘಾನಿಸ್ತಾನದ ಯುದ್ಧವು ಬೆಳೆದ ಬಳಿಕ, ಪಂಜಾಬಿನ ಕಲಹದ ದಿನಗಳಲ್ಲಿ, ೧೯೮೦ರ ದಶಕದ ಉತ್ತರಾರ್ಧದಲ್ಲಿ. ಚಿತ್ರವು ಕೆಲವು ವರ್ಷ ಅವಸರಪಟ್ಟಿದೆ. ಕಡಲಾಚೆಯಿಂದ ತರಿಸಿದುದೆಂದು ಹೇಳಿರುವುದರಿಂದ ಇಷ್ಟನ್ನು ಕ್ಷಮಿಸಬಹುದು.

ಕ್ಷಮಿಸಲು ಕಷ್ಟವಾದುದು ಗುಂಡಿನ ಲೆಕ್ಕ. ಈ ಕೋವಿಯ ಡಬ್ಬಿಯಲ್ಲಿ ಹಿಡಿಯುವುದು ಸಾಮಾನ್ಯವಾಗಿ ೩೦ ತೋಟೆ. ನಿಮಿಷಕ್ಕೆ ಸುಮಾರು ೬೦೦ರ ವೇಗದಲ್ಲಿ ಹಾರಿಸಿದರೆ ಮೂರು ಸೆಕೆಂಡಿಗೆ ಡಬ್ಬಿ ಬರಿದು. ನೂರು ಮಂದಿಗೆ ತಲೆಗೆ ಹತ್ತು ಡಬ್ಬಿಯಂತೆ ಕೊಟ್ಟರೆ ತೋಟೆಗಳು ೩೦,೦೦೦. ಒಂದೊಂದು ಸುಮಾರು ೧೬ ಗ್ರಾಮಿನಂತೆ, ಡಬ್ಬಿಯ ಭಾರವನ್ನು ಬಿಟ್ಟು, ೪೮೦ ಕಿಲೋಗ್ರಾಂ. ಇಷ್ಟನ್ನೂ ಹೊತ್ತು ತಂದರೆ ಪ್ರತಿಯೊಬ್ಬನೂ ಹಾರಿಸಬಲ್ಲ ಕಾಲವು ಒಟ್ಟು ಅರ್ಧ ನಿಮಿಷ! ಕೋವಿಯ ಖರೀದಿಯನ್ನು ಕಥೆಯು ಅಷ್ಟು ಗಂಭೀರವಾಗಿ ಎತ್ತಿಕೊಂಡಿದೆ. ತೋಟೆಯ ಸರಬರಾಜು ಕಥೆಯ ವಿಷಯವೇ ಆಗಿಲ್ಲ. ಮುಗಿದುಹೋಗುವ ವಸ್ತುವಿನಿಂದ ಹುಟ್ಟಬಹುದಾಗಿದ್ದ ಭಯ, ಮಿತವ್ಯಯ, ಕಾಯುವಿಕೆ ಎಲ್ಲವೂ ಇದರಿಂದ ನಷ್ಟವಾಗಿವೆ.

ಈ ವಿಷಯದಲ್ಲಿ ಮಕ್ಕಳ ವಿಡಿಯೋ ಆಟಗಳೇ ಮೇಲೆನ್ನಬೇಕು. ಪೆಸಿಫಿಕ್ ಯುದ್ಧವನ್ನು ಚಿತ್ರಿಸುವ ‘ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್’ (೨೦೦೮) ಎಂಬ ಆಟದಲ್ಲಿ ಜಪಾನೀಯರ ‘ಟೈಪ್ ೧೦೦’ ಎಂಬ ಕಿರುಯಂತ್ರಕೋವಿಯುಂಟು. ಪಿಸ್ತೂಲಿಗಾಗಿ ಮಾಡಿದ ೮ ಮಿಲಿಮೀಟರಿನ ನಾಂಬು ತೋಟೆಯನ್ನು ಅದು ಹಾರಿಸುತ್ತದೆ. ೩೦ ತೋಟೆಯ ಬಾಗಿದ ಡಬ್ಬಿಯು ಎಡಮಗ್ಗುಲಿನಿಂದ ಸೇರುತ್ತದೆ. ಜಪಾನೀ ಸೇನೆಯಲ್ಲಿ ವಿರಳವಾಗಿದ್ದ ಈ ಕೋವಿಯನ್ನು ಆಟಗಳು ಧಾರಾಳವಾಗಿ ಹಂಚುತ್ತವೆಯೆಂಬುದು ನಿಜ. ಆದರೂ ಪರದೆಯ ಮೂಲೆಯಲ್ಲಿ ಉಳಿದ ಗುಂಡಿನ ಸಂಖ್ಯೆ ಇಳಿಯುತ್ತಲೇ ಇರುತ್ತದೆ. ಸೊನ್ನೆಯಾದಾಗ ಆಡುವವನು ನಿರಾಯುಧನು. ಅವನ ಎದೆ ಡವಗುಟ್ಟುವುದು ಆ ಕ್ಷಣದಲ್ಲಿ. ನರಾಚಿಯಲ್ಲಿ ಆ ಕ್ಷಣವೇ ಬರುವುದಿಲ್ಲ.

ಕೋವಿಗಿಂತ ಸ್ಥಳಕ್ಕೆ ಆದ ಅನ್ಯಾಯ ದೊಡ್ಡದು. ಚಿತ್ರದ ಪ್ರಕಾರ ಕೋಲಾರದ ಬಳಿ ಚಿನ್ನವು ಕಣ್ಣಿಗೆ ಬಿದ್ದುದು ೧೯೫೧ರಲ್ಲಿ. ವಸ್ತುಸ್ಥಿತಿಯಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸವನ್ನಾರಂಭಿಸಿ ಆ ವೇಳೆಗೆ ಎಪ್ಪತ್ತು ವರ್ಷಗಳಾಗಿದ್ದುವು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದುದು ೧೮೯೪ರಲ್ಲಿ, ಶಿವನಸಮುದ್ರದ ವಿದ್ಯುಚ್ಛಕ್ತಿ ಬಂದುದು ೧೯೦೨ರಲ್ಲಿ. (ಬೌರಿಂಗನ ಹೆಸರಿನ ಪೇಟೆಯು ಜನರ ಬಾಯಲ್ಲಿ ಬಂಗಾರಪೇಟೆಯಾಯಿತು, ಇತಿಹಾಸವನ್ನು ತಿದ್ದುವುದಾದರೆ ಹೀಗೆ ಅಂದವಾಗಿ ತಿದ್ದಬೇಕು.) ನಾಯಕನು ನರಾಚಿಯನ್ನಾಳುವ ಕಾಲಕ್ಕೆ ನಿಜವಾದ ಗಣಿಯು ೧೯೭೨ರಲ್ಲಿ ಸ್ಥಾಪಿತವಾದ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರೀ ಸಂಸ್ಥೆಯದಾಗಿದ್ದಿತು, ಚಾಂಪಿಯನ್ ರೀಫಿನ ಆಳವು ಮೂರು ಕಿಲೋಮೀಟರನ್ನು ಮೀರಿದ್ದಿತು. ತೆರೆಯ ಮೇಲೆ ಕಾಣುವವರಾದರೋ ಬಯಲಿನಲ್ಲಿ ಬಂಡೆಯನ್ನು ಕುಟ್ಟುವ, ರಕ್ಷಕನಿಗಾಗಿ ಕಾಯುವ ಗುಲಾಮರು. ಇಲ್ಲಿಯ ಕಾರ್ಮಿಕರು ಬೆರಳಚ್ಚು ಕೊಡುವುದನ್ನು ನಿರಾಕರಿಸಿ ೧೯೩೦ರಲ್ಲಿ ಮುಷ್ಕರ ಹೂಡಿದವರು. ೧೯೪೬ರ ನವೆಂಬರಿನಲ್ಲಿ ಪೋಲೀಸರ ಗುಂಡಿಗೆ ಎದೆಯೊಡ್ಡಿ ಸತ್ತವರು ಅವರೊಳಗಿದ್ದರು. ಇತಿಹಾಸಕ್ಕೆ ಸೇರಿದ ಗುಂಡುಗಳು ಇವು. ಚಿತ್ರದಲ್ಲಿ ಇವಕ್ಕೆ ಸ್ಥಳವಿಲ್ಲ. ಚಿತ್ರೀಕರಣವು ನಡೆದ ಸಯನೈಡ್ ದಿಬ್ಬಗಳು ಅದೇ ಜನರು ಮೇಲಕ್ಕೆ ತಂದ ಕಲ್ಲಿನ ಪುಡಿ. ೨೦೦೧ರಲ್ಲಿ ಗಣಿಯನ್ನು ಮುಚ್ಚಿದ ಮೇಲೆ ಅವರ ಮಕ್ಕಳು ಅದೇ ಮಾರಿಕುಪ್ಪದ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ.

ಮತ್ತೊಂದು ಮಾತು. ಕನ್ನಡದಲ್ಲಿ ತೋಟೆಯೆಂದರೆ ಕೋವಿಯ ತೋಟೆಯೂ ಹೌದು, ಬಂಡೆಯನ್ನು ಸಿಡಿಸುವ ಮದ್ದಿನ ತೋಟೆಯೂ ಹೌದು. ಗಣಿಯ ನಿತ್ಯದ ಮದ್ದು ಎರಡನೆಯದು. ಅದನ್ನು ಉಗ್ರಾಣದಿಂದ ಎಣಿಸಿ ಕೊಡುವರು; ಮಿಕ್ಕುದನ್ನು ಎಣಿಸಿ ಹಿಂದಕ್ಕೆ ಪಡೆಯುವರು; ಎರಡೂ ಲೆಕ್ಕದ ಪುಸ್ತಕಕ್ಕೆ ಏರುವುವು. ಬತ್ತಿಗೆ ಬೆಂಕಿಯಿಟ್ಟು ಹಿಂದೆ ಸರಿದವನು ಕತ್ತಲೆಯಲ್ಲಿ ಕಿವಿಗೊಟ್ಟು ಸದ್ದುಗಳನ್ನು ಎಣಿಸಬೇಕು. ಹನ್ನೆರಡು ಕುಳಿಗೆ ಮದ್ದು ತುಂಬಿ ಹನ್ನೊಂದೇ ಸದ್ದು ಕೇಳಿಸಿತೆಂದರೆ, ನಿಯಮಿತವಾದ ಕಾಲವು ಕಳೆಯುವ ತನಕ ಆ ಸುರಂಗದೊಳಕ್ಕೆ ಯಾರೂ ಕಾಲಿಡುವಂತಿಲ್ಲ.