‘ಸರ್ವರ್ ಇಲ್ಲ’ ಎಂದರೆ ಸಾಕೆ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ಊರು ಯಾವುದೇ ಇರಲಿ, ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಸರದಿಯಲ್ಲಿ ನಿಂತವರು ಒಮ್ಮೆಯಾದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿರುತ್ತಾರೆ. ಒಂದು ದಿನದ ಕೂಲಿ ಕಳೆದುಕೊಂಡು ಬಂದವರಿಗೆ ಈ ಉತ್ತರ ಸಾಲದು. ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೂ ಸಾಲಬಾರದು. ಜಾಲದ ತಂತಿ ಕಡಿದಿದೆಯೆ, ದತ್ತಸಂಚಯ ನಿಧಾನವಾಗಿದೆಯೆ, ಅಥವಾ ಒಂದೇ ಸರ್ವರ್‌ನಲ್ಲಿರುವ ಬೇರೊಂದು ತಂತ್ರಾಂಶ ಎಲ್ಲರ ಪಾಲನ್ನೂ ನುಂಗಿದೆಯೆ? ಮೂರಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಸೊರಗಿದ್ದಕ್ಕೆ ಉದ್ದೇಶಪೂರ್ವಕ ಸುಳ್ಳು ಕೋರಿಕೆಗಳ ಮಹಾಪೂರ ಕಾರಣವೆಂದು ಸರ್ಕಾರ ಆಮೇಲೆ ತಿಳಿಸಿತು. ಕಚೇರಿಯ ಮುಂದೆ ನಿಂತವರ ಕಿವಿಗೆ ಬಿದ್ದದ್ದು ಮಾತ್ರ ಅದೇ ಎರಡು ಪದ.

ಮೂರನೆಯ ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ. ನಾನು ಬಲ್ಲ ಒಂದು ಕಾಲೇಜಿನಲ್ಲಿ ಗ್ರಂಥಾಲಯ, ಆಂತರಿಕ ಅಂಕ, ಪರೀಕ್ಷಾ ಶುಲ್ಕ ಈ ಮೂರು ತಂತ್ರಾಂಶಗಳನ್ನು ಒಂದೇ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಕೂರಿಸಿದ್ದರು. ಶುಲ್ಕ ಕಟ್ಟುವ ಕೊನೆಯ ದಿನವೇ ಅಂಕಗಳನ್ನೂ ಪ್ರಕಟಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರೂ ನಿಂತವು. ಪ್ರೊಸೆಸರ್ ಮಾತ್ರ ಹೆಚ್ಚುಕಡಿಮೆ ಖಾಲಿ ಕುಳಿತಿತ್ತು! ಮೆಮೊರಿ ಸಾಲದೆಂದು ಹೊಸ ಮೆಮೊರಿ ತರಿಸಿ ಹಾಕಿದರು. ಏನೂ ಪ್ರಯೋಜನವಾಗಲಿಲ್ಲ.

ಏಕೆಂದು ಲೆಕ್ಕ ಹಾಕಿ. ಟಾಮ್‌ಕ್ಯಾಟ್‌ನಲ್ಲಿ ನೀವಾಗಿ ಬದಲಾಯಿಸದಿದ್ದರೆ ಕೋರಿಕೆಗಳನ್ನು ನಿರ್ವಹಿಸುವ ಎಳೆಗಳು ಹೆಚ್ಚೆಂದರೆ 200. ಎಲ್ಲ ತಂತ್ರಾಂಶಗಳಿಗೂ ಇವೇ. ಅಂಕಗಳಿಗಾಗಿ ಸೆಕೆಂಡಿಗೆ 20 ಕೋರಿಕೆ ಬರುತ್ತವೆ, ಪ್ರತಿಯೊಂದಕ್ಕೂ ಅರ್ಧ ಸೆಕೆಂಡು ಹಿಡಿಯುತ್ತದೆ ಎನ್ನೋಣ. ಆಗ ಸರಾಸರಿ 10 ಎಳೆಗಳಷ್ಟೇ ಕಾರ್ಯನಿರತ. ಅಂಕಗಳ ದತ್ತಸಂಚಯದಲ್ಲಿ ಎಲ್ಲೋ ಬೀಗ ಬಿದ್ದು ಉತ್ತರಕ್ಕೆ 10 ಸೆಕೆಂಡು ಬೇಕಾಯಿತೆನ್ನಿ. 20ನ್ನು 10ರಿಂದ ಗುಣಿಸಿದರೆ 200. ಎಲ್ಲ ಎಳೆಗಳೂ ಸುಮ್ಮನೆ ಕಾಯುತ್ತ ನಿಂತಿವೆ, ಆದ್ದರಿಂದ ಪ್ರೊಸೆಸರ್‌ಗೆ ಕೆಲಸವಿಲ್ಲ. ಶುಲ್ಕ ಕಟ್ಟಲು ಬಂದ ಹುಡುಗಿಗೆ ಎಳೆಯೂ ಇಲ್ಲ. ಆಗ ಸರ್ವರನ್ನು ಮರುಚಾಲನೆ ಮಾಡಿದರೆ ಅರ್ಧದಲ್ಲಿದ್ದ ಪಾವತಿಗಳೂ ಕೆಡುತ್ತವೆ.

ಹಾಗೆಂದು ಹಂಚಿಕೊಳ್ಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಆರಂಭವಾದಾಗ ತಾಲೂಕು ಕಚೇರಿಗೊಂದು ಸರ್ವರ್ ಇತ್ತು. ಹೊಸದುರ್ಗದ ಯಂತ್ರ ಕೆಟ್ಟರೂ ಹೊಳಲ್ಕೆರೆಯಲ್ಲಿ ಪಹಣಿ ಸಿಗಬಹುದಿತ್ತು. ಆದರೆ ವಿದ್ಯುತ್ತು, ದುರಸ್ತಿ, ಪ್ರತಿ ತೆಗೆದಿಡುವ ಕೆಲಸ ಎಲ್ಲವೂ ಪ್ರತಿ ತಾಲೂಕಿನಲ್ಲೂ ಬೇರೆಬೇರೆ. ಒಂದೆಡೆ ಸೇರಿಸಿದರೆ ಖರ್ಚು ಉಳಿಯುತ್ತದೆ. ಒಬ್ಬರಿಗೆ ಬಿಡುವಿದ್ದಾಗ ಇನ್ನೊಬ್ಬರಿಗೆ ಶಕ್ತಿ ಒದಗುತ್ತದೆ. ಇದು ನಿಜವಾಗುವುದು ಬೇಡಿಕೆಯ ಶಿಖರಗಳು ಬೇರೆಬೇರೆ ಹೊತ್ತಿನಲ್ಲಿದ್ದರೆ ಮಾತ್ರ. ನಮ್ಮಲ್ಲಿ ಜೂನ್ ಬಂತೆಂದರೆ ಶಾಲಾ ಪ್ರವೇಶದ ಪ್ರಮಾಣಪತ್ರ, ಬಿತ್ತನೆಯ ಹೊತ್ತಿನ ಪಹಣಿ ಎಲ್ಲವೂ ಒಟ್ಟಿಗೆ, ಅದೂ ಬೆಳಿಗ್ಗೆ 11 ಗಂಟೆಗೆ! ಸರತಿಯ ಸರಳ ಗಣಿತ ನೆನಪಿರಲಿ: ಸರ್ವರ್ ಶೇ 50ರಷ್ಟು ತುಂಬಿದಾಗ ತಗಲುವ ಕಾಲ ಖಾಲಿಯಿದ್ದಾಗಿನ ಎರಡರಷ್ಟು, ಶೇ 80ಕ್ಕೆ ಐದರಷ್ಟು, ಶೇ 95ಕ್ಕೆ ಇಪ್ಪತ್ತರಷ್ಟು.

ವಾಣಿವಿಲಾಸ ಸಾಗರದ ನೀರು ಹೊಲಗಳಿಗೂ ಬೇಕು, ಹಿರಿಯೂರು-ಚಿತ್ರದುರ್ಗಗಳ ನಲ್ಲಿಗೂ ಬೇಕು. ಅಲ್ಲಿ ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಸರ್ವರ್‌ಗೂ ಇಂಥ ಪಾಲು ಬೇಕು. ಪ್ರತಿ ತಂತ್ರಾಂಶಕ್ಕೂ ಬೇರೆ ಪ್ರಕ್ರಿಯೆ ಅಥವಾ ಕಂಟೇನರ್, ಮೆಮೊರಿಗೆ ಮಿತಿ, ದತ್ತಸಂಚಯದ ಸಂಪರ್ಕಗಳಿಗೆ ಮಿತಿ, ಮುಖ್ಯವಾಗಿ ಕಾಯುವ ಕಾಲಕ್ಕೊಂದು ಮಿತಿ. ಇವುಗಳಿಗೆ ಹೊಸ ಯಂತ್ರ ಕೊಳ್ಳಬೇಕಾಗಿಯೇ ಇಲ್ಲ. ಆ ಕಾಲೇಜಿನಲ್ಲೂ ಕೊನೆಗೆ ಶುಲ್ಕದ ತಂತ್ರಾಂಶವನ್ನು ಅದೇ ಯಂತ್ರದಲ್ಲಿ ಬೇರೆ ಪ್ರಕ್ರಿಯೆಯಾಗಿ ನಡೆಸಿದರು. ಮರುವರ್ಷ ಅಂಕಗಳ ಪುಟ ನಿಂತಿತು, ಶುಲ್ಕ ನಿಲ್ಲಲಿಲ್ಲ.

ನಿಮ್ಮ ಪ್ರಯೋಗಾಲಯದಲ್ಲೂ ಇದನ್ನು ಮಾಡಿ ನೋಡಬಹುದು. ಒಂದು ಟಾಮ್‌ಕ್ಯಾಟ್‌ನಲ್ಲಿ ಎರಡು ಪುಟ್ಟ ತಂತ್ರಾಂಶ ಹಾಕಿ, ಎಳೆಗಳ ಮಿತಿಯನ್ನು 10ಕ್ಕೆ ಇಳಿಸಿ, ಮೊದಲನೆಯದರಲ್ಲಿ 10 ಸೆಕೆಂಡು ವಿಳಂಬ ಸೇರಿಸಿ. ಹತ್ತು ಮಂದಿ ಮೊದಲನೆಯದನ್ನು ಒಟ್ಟಿಗೆ ತೆರೆಯಲಿ. ಹನ್ನೊಂದನೆಯವರು ಎರಡನೆಯದನ್ನು ತೆರೆದು ಗಡಿಯಾರ ನೋಡಲಿ.