ಹಾರುವ ಬಿಲ್ಲೆಯನ್ನು ನೋಡುವ ಬಗೆ

ಹನುಮಂತನಪಟ್ಟಿಯ ಸುತ್ತಣ ಹೊಲಗಳಲ್ಲಿ ಕವಣೆ ಬೀಸಿ ಗಿಳಿವಿಂಡನ್ನು ಎಬ್ಬಿಸಿ ಬಲ್ಲ ಒಕ್ಕಲುಮಗನಿಗೆ, ಕಲ್ಲನ್ನು ಹಕ್ಕಿಯಿರುವ ಎಡೆಗಲ್ಲ, ಅದು ಮರುಕ್ಷಣದಲ್ಲಿ ಸೇರಲಿರುವ ಎಡೆಗೆ ಬಿಡಬೇಕೆಂಬುದನ್ನು ಯಾರೂ ಉಪದೇಶಿಸಬೇಕಾಗಿಲ್ಲ. ಹಾರುವ ಬಿಲ್ಲೆಯನ್ನು ಕೋವಿಯಿಂದ ಹೊಡೆದು ಒಡೆಯುವ ಟ್ರ್ಯಾಪ್ ಎಂಬ ಕ್ರೀಡೆಯ ಸೌಂದರ್ಯವೆಲ್ಲವೂ ಈ ತತ್ತ್ವವನ್ನೇ ಆಶ್ರಯಿಸಿಕೊಂಡಿದೆ. ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಆಟದ ಮಾತು ಅಪೂರ್ವವಾದರೂ, ಅದರ ಪಟುಗಳಲ್ಲೊಬ್ಬರು ನಮಗೆ ದೂರದವರಲ್ಲ. ದಿಂಡಿಗಲ್ಲಿಗೆ ಮೂಡಲಲ್ಲಿರುವ ಪುದುಕ್ಕೋಟೆಯ ರಾಜವಂಶದಲ್ಲಿ ಜನಿಸಿದ ಪೃಥ್ವಿರಾಜ್ ತೊಂಡೈಮಾನ್ ಅವರು 2023ರ ಅಕ್ಟೋಬರಿನಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಕೈನಾನ್ ಚೆನಾಯ್ ಮತ್ತು ಜೋರಾವರ್ ಸಿಂಗ್ ಸಂಧು ಅವರೊಡಗೂಡಿ 375 ಬಿಲ್ಲೆಗಳಲ್ಲಿ 361ನ್ನು ಒಡೆದು ತಂಡದ ಸುವರ್ಣಪದಕವನ್ನು ಗಳಿಸಿದರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸಿನಲ್ಲಿಯೂ ಸ್ಪರ್ಧಿಸಿದರು.

ರಂಗದ ರಚನೆಯನ್ನು ಮೊದಲು ತಿಳಿಯಬೇಕು. ಒಂದೇ ಸಾಲಿನಲ್ಲಿ ಸ್ಪರ್ಧಿಗಳು ನಿಲ್ಲುವ ಐದು ಠಾವುಗಳು. ಅವುಗಳಿಂದ 15 ಮೀಟರ್ ಮುಂದೆ, ನೆಲಮಟ್ಟಕ್ಕಿಂತ ಕೆಳಗೆ, ಒಂದು ಕಂದಕ. ಅದರೊಳಗೆ ಠಾವಿಗೆ ಮೂರರಂತೆ ಹದಿನೈದು ಯಂತ್ರಗಳು. ಸ್ಪರ್ಧಿಯು ಕೂಗಿದೊಡನೆ ಆ ಧ್ವನಿಗೆ ಓಗೊಟ್ಟು ಮೂರರಲ್ಲೊಂದು ಯಂತ್ರವು ಬಿಲ್ಲೆಯನ್ನು ಎಸೆಯುತ್ತದೆ. ಯಾವುದೆಂಬುದು ಅವನಿಗೆ ತಿಳಿಯದು. ಬಿಲ್ಲೆಯು 11 ಸೆಂಟಿಮೀಟರ್ ಅಗಲ, 105 ಗ್ರಾಮ್ ತೂಕ. ಹೆಸರಿಗೆ ಮಣ್ಣಿನದಾದರೂ ಇಂದು ಅದನ್ನು ಡಾಂಬರಿನಂಥ ರಾಳಕ್ಕೆ ಸುಣ್ಣಕಲ್ಲಿನ ಪುಡಿ ಬೆರೆಸಿ ಅಚ್ಚೊತ್ತುತ್ತಾರೆ. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಿಂದ ಅದು ಸ್ಪರ್ಧಿಯಿಂದ ದೂರ ದೂರಕ್ಕೆ ಧಾವಿಸುತ್ತದೆ. ಜೋಡುನಳಿಗೆಯ ಕೋವಿಯಲ್ಲಿ ಎರಡು ತೋಟಾ, ತೋಟಾ ಒಂದಕ್ಕೆ 24 ಗ್ರಾಮಿಗೆ ಮೀರದ ಸೀಸದ ಚರೆ; ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅವಕಾಶವುಂಟು. 25 ಬಿಲ್ಲೆಗಳ ಒಂದು ಸುತ್ತಿನಲ್ಲಿ ಹತ್ತು ಎಡಕ್ಕೆ, ಹತ್ತು ಬಲಕ್ಕೆ, ಐದು ನೇರಕ್ಕೆ. ಅರ್ಹತೆಗೆ ಅಂಥ ಐದು ಸುತ್ತುಗಳು.

ಹೊಸಬನ ಕಣ್ಣು ಸಹಜವಾಗಿಯೇ ಬಿಲ್ಲೆಯನ್ನು ಅರಸಿ ಹೋಗುತ್ತದೆ, ಮತ್ತು ಅಲ್ಲಿಯೇ ರಸಭಂಗವಾಗುತ್ತದೆ. ಏಕೆಂದರೆ ಬಿಲ್ಲೆಯನ್ನು ಕಾಣುವಷ್ಟರಲ್ಲಿ ಅದು ಚೂರಾಗಿರುತ್ತದೆ. ನೋಡತಕ್ಕದ್ದು ಸ್ಪರ್ಧಿಯನ್ನು. ಅವನು ಕೋವಿಯ ಹಿಡಿಯನ್ನು ಹೆಗಲಿಗೊತ್ತಿ, ಕೆನ್ನೆಯನ್ನು ಅದಕ್ಕಾನಿಸಿ, ನಳಿಗೆಯ ತುದಿಯನ್ನು ಕಂದಕದ ಅಂಚಿನ ಮೇಲೆ ನಿಲ್ಲಿಸಿ, ದೃಷ್ಟಿಯನ್ನು ಮಾತ್ರ ನಳಿಗೆಯ ಆಚೆ ಎಲ್ಲಿಯೂ ನೆಡದೆ ತೆರೆದಿಟ್ಟಿರುವ ಆ ಒಂದೆರಡು ಕ್ಷಣಗಳ ನಿಶ್ಚಲತೆಯೇ ಈ ಕಲೆಯ ಸಾರವೆಂದು ನಾನು ಬಗೆದಿದ್ದೇನೆ. ಕೂಗಿನ ಬಳಿಕ ಚಲಿಸತಕ್ಕದ್ದು ತೋಳಲ್ಲ, ಸೊಂಟದಿಂದ ಮೇಲಿನ ದೇಹವೆಲ್ಲ. ಕೆನ್ನೆಯು ಹಿಡಿಯನ್ನು ಬಿಟ್ಟೇಳಕೂಡದು. ನಳಿಗೆಯು ಬಿಲ್ಲೆಯ ಹಾದಿಯನ್ನು ಹಿಂಬಾಲಿಸಿ, ಅದನ್ನು ದಾಟಿ, ಗುಂಡು ಹೊರಟ ಮೇಲೂ ಅದೇ ಓಟದಲ್ಲಿ ತುಸು ಮುಂದುವರಿಯಬೇಕು. ಟ್ರಿಗರ್ ಒತ್ತಿದ ಕ್ಷಣದಲ್ಲಿ ನಳಿಗೆ ತಟ್ಟನೆ ನಿಂತಿತೋ, ಚರೆಯೆಲ್ಲ ಬಿಲ್ಲೆಯ ಹಿಂದೆ ಹೋಯಿತೆಂದು ಫಲಕವನ್ನು ನೋಡದೆಯೇ ಹೇಳಬಹುದು.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ಕಂಡವರು ಭೇದವನ್ನು ಬೇಗನೆ ಗ್ರಹಿಸಿಯಾರು. ಅಲ್ಲಿ ಲಕ್ಷ್ಯವು ಸ್ಥಿರ, ಕೋವಿಯೂ ಸ್ಥಿರವಾಗಬೇಕು. ಇಲ್ಲಿ ಎರಡೂ ಚಲಿಸುತ್ತಿದ್ದು, ಸ್ಥಿರವಾಗಿರಬೇಕಾದದ್ದು ಚಿತ್ತ ಮಾತ್ರ.

ಬಿಲ್ಲೆಯು ಕರಿಯ ಹೊಗೆಯಾಗಿ ಮಾಯವಾದರೆ ಹೊಡೆತವು ನಟ್ಟನಡುವೆ ಬಿದ್ದಿತೆಂದು ತಿಳಿಯಿರಿ. ಒಂದು ಚೂರು ಮಾತ್ರ ಹಾರಿದರೆ ಅಂಚಿನಲ್ಲಿ ಸೋಕಿತೆಂದು. ಕಣ್ಣಿಗೆ ಕಾಣುವಂತೆ ಒಂದೇ ಚೂರು ಬೇರ್ಪಟ್ಟರೂ ಅಂಕ ಪೂರ್ಣ. ಬರಿಯ ಧೂಳೆದ್ದು ಬಿಲ್ಲೆ ಅಖಂಡವಾಗಿ ಸಾಗಿದರೆ ಶೂನ್ಯ. ಇದು ನಿಷ್ಠುರವಾಗಿ ತೋರಿದರೂ ನನಗೆ ನ್ಯಾಯವೆಂದೇ ಅನಿಸಿದೆ.

ಈ ಆಟವು ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಬಿಟ್ಟು ಹೊಡೆಯುತ್ತಿದ್ದ ಇಂಗ್ಲೆಂಡಿನ ಕ್ರೂರ ವಿನೋದದಿಂದ ಬಂದುದು. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಯನ್ನು ರೂಪಿಸಿದುದು ಕೋವಿಯ ಇತಿಹಾಸದಲ್ಲಿ ಕರುಣೆಯ ಒಂದು ವಿರಳ ವಿಜಯ. ನಮ್ಮ ದೇಶದಲ್ಲಿ ಈ ಆಟಕ್ಕೆ ಗೌರವ ತಂದವರು ಬಿಕಾನೇರಿನ ಕರ್ಣಿ ಸಿಂಗರು. ಐದು ಒಲಿಂಪಿಕ್ಸುಗಳಲ್ಲಿ ಸ್ಪರ್ಧಿಸಿದ ಅವರು 1962ರಲ್ಲಿ ಕೈರೋ ನಗರದ ವಿಶ್ವ ಸ್ಪರ್ಧೆಯಲ್ಲಿ ರಜತಪದಕವನ್ನು ಪಡೆದರು. 2006ರಲ್ಲಿ ಮಾನವಜಿತ್ ಸಿಂಗ್ ಸಂಧು ವಿಶ್ವವಿಜೇತರಾದರು.

ಸ್ಕೀಟ್ ಎಂಬುದು ಟ್ರ್ಯಾಪಿನ ಸೋದರ. ಅಲ್ಲಿ ಎತ್ತರದ ಮತ್ತು ತಗ್ಗಿನ ಎರಡು ಮನೆಗಳಿಂದ ಬಿಲ್ಲೆಗಳು ಅಡ್ಡಹಾಯುತ್ತವೆ, ಬಿಲ್ಲೆಗೊಂದೇ ಗುಂಡು, ಬಿಲ್ಲೆ ಕಾಣುವತನಕ ಕೋವಿಯು ಹೆಗಲೇರದೆ ಸೊಂಟದ ಬಳಿಯೇ ಇರಬೇಕು. ಟ್ರ್ಯಾಪಿನಲ್ಲಿ ಕಣ್ಣು ಪಳಗಿದ ಮೇಲೆ ಅದನ್ನು ನೋಡುವುದು ಲೇಸು.

ಮೊದಲ ಸಲ ಹೋಗುವವರು ಅಂತಿಮ ಸುತ್ತಿನ ಗದ್ದಲಕ್ಕಿಂತ ಅರ್ಹತೆಯ ಸುತ್ತುಗಳನ್ನೇ ಆರಿಸಿಕೊಳ್ಳಿರಿ. ಕಿವಿಗೆ ತಪ್ಪದೆ ಬಿರಡೆಯಿಟ್ಟು, ಸ್ಪರ್ಧಿಗಳ ಬೆನ್ನ ಹಿಂದೆ ಮೂರನೆಯ ಠಾವಿಗೆ ನೇರವಾಗಿ ಕುಳಿತು, ಇಡೀ ಒಂದು ಸುತ್ತು ಒಬ್ಬರನ್ನೇ ಅನುಸರಿಸಿರಿ. ಅವರು ಬರಿದಾದ ಕೋವಿಯನ್ನು ಮಡಿಚಿ ತೆರೆದು ಮುಂದಿನ ಠಾವಿಗೆ ನಡೆಯುವ ಗತಿಯು, ಬಿಲ್ಲೆ ತಪ್ಪಿದ ಮೇಲೂ ತಪ್ಪದೆ ಒಂದೇ ಸಮನಾಗಿದೆಯೇ ಎಂದು ಗಮನಿಸಿರಿ.