ಸಾಲದ ಪದದಲ್ಲಿ ಬಿ ಬಂದು ಕೂತ ಕಥೆ

ಇಂಗ್ಲಿಷಿನಲ್ಲಿ ಸಾಲಕ್ಕೆ ಡೆಟ್ ಎನ್ನುತ್ತಾರೆ. ಬರೆಯುವುದು ಡಿ, ಇ, ಬಿ, ಟಿ. ನಡುವಿನ ಬಿಯನ್ನು ಲಂಡನ್ನಿನವರೂ ಉಚ್ಚರಿಸುವುದಿಲ್ಲ, ಲಿಂಗಸುಗೂರಿನವರೂ ಉಚ್ಚರಿಸುವುದಿಲ್ಲ. 14ನೇ ಶತಮಾನದ ಕವಿ ಚಾಸರ್ ಈ ಪದವನ್ನು ಬಿ ಇಲ್ಲದೆಯೇ ಬರೆದ. ಪದ ಬಂದದ್ದು ಫ್ರೆಂಚಿನಿಂದ. ಇಂದಿನ ಫ್ರೆಂಚಿನಲ್ಲೂ ಅದಕ್ಕೆ ಬಿ ಇಲ್ಲ. ಅದನ್ನು ತಂದು ಕೂರಿಸಿದವರು ಲ್ಯಾಟಿನ್ ಓದಿಕೊಂಡ ಪಂಡಿತರು. ಮೂಲ ಲ್ಯಾಟಿನ್ ರೂಪ ಡೆಬಿಟುಮ್. ಅದರಲ್ಲಿ ಬಿ ಇದೆ. ಪದದ ವಂಶ ಬರವಣಿಗೆಯಲ್ಲಿ ಎದ್ದು ಕಾಣಲಿ ಎಂದು ಅವರು ಬಿ ಸೇರಿಸಿದರು. ಡೌಟ್ ಪದದ ಬಿ, ರಿಸೀಟ್ ಪದದ ಪಿ ಬಂದದ್ದೂ ಇದೇ ದಾರಿಯಲ್ಲಿ.

ಈ ಪಂಡಿತರನ್ನು ಶೇಕ್ಸ್‌ಪಿಯರ್ ಹತ್ತಿರದಿಂದ ನೋಡಿದ್ದ. 1598ರಲ್ಲಿ ಅಚ್ಚಾದ ಅವನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹಾಲೊಫರ್ನೀಸ್ ಎಂಬ ಮೇಷ್ಟ್ರಿದ್ದಾನೆ. ಜನ ಡೆಟ್, ಡೌಟ್ ಎಂದು ಬಿಯನ್ನು ನುಂಗಿ ಮಾತಾಡುತ್ತಾರೆ ಎಂದು ಅವನಿಗೆ ತಡೆಯಲಾರದ ಸಿಟ್ಟು. ಅಕ್ಷರ ಬಿಡಿಬಿಡಿಸಿ ಹೇಳಿ ತೋರಿಸುತ್ತಾನೆ. ಯಾರ ಬಾಯಲ್ಲೂ ಇಲ್ಲದ ಅಕ್ಷರವನ್ನು ಪುಸ್ತಕಕ್ಕೆ ತುರುಕಿ, ಆಮೇಲೆ ಪುಸ್ತಕದಲ್ಲಿದೆ, ಆದ್ದರಿಂದ ಬಾಯಲ್ಲೂ ಬರಲಿ ಎಂದು ಗದರುವ ಮೇಷ್ಟ್ರು! ನಾಲ್ಕು ಶತಮಾನ ದಾಟಿದರೂ ಆ ದೃಶ್ಯ ಹಳತಾಗಿಲ್ಲ.

ಐಲ್ಯಾಂಡ್ ಪದದ ಎಸ್ ಇನ್ನೂ ಮೋಜಿನದು. ಡೆಟ್‌ನ ಬಿಗೆ ಲ್ಯಾಟಿನ್ ಸಂಬಂಧವಾದರೂ ನಿಜ. ಐಲ್ಯಾಂಡ್ ಅಪ್ಪಟ ಹಳೆಯ ಇಂಗ್ಲಿಷ್ ಪದ, ಅದರ ವಂಶದಲ್ಲಿ ಎಲ್ಲೂ ಎಸ್ ಇಲ್ಲ. ಆದರೆ ಲ್ಯಾಟಿನ್ ಮೂಲದ ಐಲ್ ಎಂಬ ಇನ್ನೊಂದು ಪದಕ್ಕೂ ದ್ವೀಪವೆಂದೇ ಅರ್ಥ, ಅದರಲ್ಲಿ ಎಸ್ ಇತ್ತು. ಎರಡೂ ಒಂದೇ ಮನೆಯವು ಎಂದು ಭಾವಿಸಿ ಇದಕ್ಕೂ ಎಸ್ ಅಂಟಿಸಿದರು. ಆ ತಪ್ಪೇ ಇಂದು ಸರಿ. ಎಸ್ ಬಿಟ್ಟು ಬರೆದ ಮಗುವಿಗೆ ಅಂಕ ಹೋಗುತ್ತದೆ.

ಇವೆಲ್ಲ ಪಂಡಿತರ ಕೈಚಳಕವಾಯಿತು. ಇಂಗ್ಲಿಷಿನ ಹೆಚ್ಚಿನ ಮೂಕ ಅಕ್ಷರಗಳು ಹೀಗೆ ಹೊರಗಿನಿಂದ ಬಂದವಲ್ಲ. ಒಂದು ಕಾಲಕ್ಕೆ ಅವೆಲ್ಲ ಗಟ್ಟಿಯಾಗಿ ಉಲಿಯುತ್ತಿದ್ದವು. ಇದು ಅರ್ಥವಾಗಲು ನಮ್ಮ ಕನ್ನಡಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಳಗನ್ನಡದ ಪಾಲ್ ನಮಗೆ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಬಾಯಿ ಬದಲಾದಂತೆ ನಾವು ಬರಹವನ್ನೂ ಬದಲಿಸಿಕೊಂಡೆವು. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ೞ ಎಂಬ ಅಕ್ಷರದ ಉಲಿ ಬಾಯಿಂದ ಮರೆಯಾದ ಮೇಲೆ ಅಕ್ಷರವನ್ನೇ ಕೈಬಿಟ್ಟೆವು, ಮೞೆ ಮಳೆಯಾಯಿತು. ತಮಿಳರು, ಮಲಯಾಳಿಗಳು ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನಾವು ಇಂಗ್ಲಿಷರಂತೆ ನಡೆದುಕೊಂಡಿದ್ದರೆ ಇವತ್ತು ಪುಲಿ ಎಂದು ಬರೆದು ಹುಲಿ ಎಂದು ಓದುತ್ತಿದ್ದೆವು, ಮಕ್ಕಳು ಅದನ್ನು ಉರು ಹೊಡೆಯುತ್ತಿದ್ದರು. ಬರೆದಂತೆಯೇ ಓದುತ್ತೇವೆ ಎಂಬ ನಮ್ಮ ಹೆಮ್ಮೆಗೂ ಅಲ್ಲಲ್ಲಿ ಬಿರುಕಿದೆ: ಬ್ರಹ್ಮ ಎಂದು ಬರೆಯುವಾಗ ಹಕಾರ ಮುಂದೆ, ನುಡಿಯುವಾಗ ಮಕಾರ ಮುಂದೆ. ಆದರೂ ಒಟ್ಟಿನಲ್ಲಿ ಕನ್ನಡ ಬಾಯಿಯ ಜತೆ ನಡೆಯಿತು. ಇಂಗ್ಲಿಷ್ ಬರಹ ನಿಂತಲ್ಲೇ ನಿಂತಿತು.

ಮೊಣಕಾಲಿಗೆ ನೀ ಎನ್ನುವ ಪದದ ಮೊದಲಲ್ಲಿ ಕೆ ಇದೆ. 17ನೇ ಶತಮಾನ ಬರುವವರೆಗೂ ಅದನ್ನು ಕ್ನೀ ಎಂದೇ ಹೇಳುತ್ತಿದ್ದರು. ಜರ್ಮನರು ಈಗಲೂ ಹಾಗೆಯೇ ಹೇಳುತ್ತಾರೆ. ಸಂಸ್ಕೃತದ ಜಾನು ಇದರದೇ ಬಳಗ. ತಿಳಿ ಎಂಬರ್ಥದ ನೋ ಪದದ ಕೆ ನಮ್ಮ ಜ್ಞಾನದ ಜಕಾರದ ಸೋದರ. ಲೈಟ್, ನೈಟ್ ಪದಗಳ ಜಿ-ಎಚ್ ಜೋಡಿ ಒಮ್ಮೆ ಗಂಟಲಿನಾಳದಿಂದ ಹೊರಡುವ ಖಕಾರದಂಥ ಉಲಿಯಾಗಿತ್ತು. ಸ್ಕಾಟ್ಲೆಂಡಿನ ಮಾತಿನಲ್ಲಿ ಅದಿನ್ನೂ ಕೇಳಿಸುತ್ತದೆ. ಇಂಗ್ಲೆಂಡಿನಲ್ಲಿ ಕೆಲವು ಪದಗಳಲ್ಲಿ ಅದು ಸತ್ತುಹೋಯಿತು, ಕಾಫ್, ಲಾಫ್, ಇನಫ್‌ಗಳಲ್ಲಿ ಎಫ್ ಆಯಿತು. ಆನಂದ ಎಂಬರ್ಥದ ಡಿಲೈಟ್ ಫ್ರೆಂಚಿನಿಂದ ಬಂದದ್ದು, ಅದರಲ್ಲಿ ಈ ಉಲಿ ಎಂದೂ ಇರಲಿಲ್ಲ. ಲೈಟನ್ನು ನೋಡಿ ತಾನೂ ಜಿ-ಎಚ್ ಹಾಕಿಕೊಂಡಿತು.

ಸ್ವರಗಳ ಕಥೆ ಇನ್ನೂ ದೊಡ್ಡದು. ಸುಮಾರು 1400ರಿಂದ ಮೂರು ಶತಮಾನಗಳ ಕಾಲ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದವು. ಅದಕ್ಕೆ ಮುಂಚೆ ನೇಮ್ ಎಂಬುದನ್ನು ಹೆಚ್ಚುಕಡಿಮೆ ನಾಮ ಎನ್ನುತ್ತಿದ್ದರು. ಹೌದು, ನಮ್ಮ ನಾಮವೇ! ಹೌಸ್ ಆಗ ಹೂಸ್, ಮೌಸ್ ಆಗ ಮೂಸ್. ಮೂಸ್ ಎಂದೊಡನೆ ಗಣಪತಿಯ ಮೂಷಕ ಕಣ್ಣಿಗೆ ಬರದಿರಲು ಸಾಧ್ಯವೇ? ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಕವಲೊಡೆದಿರಬೇಕು ಎಂದು ವಿಲಿಯಂ ಜೋನ್ಸ್ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಹೇಳಿದ್ದು ಇಂಥ ಹೋಲಿಕೆಗಳನ್ನು ನೋಡಿಯೇ. ಇಂಗ್ಲಿಷಿನ ಹಳೆಯ ಉಚ್ಚಾರ ತಿಳಿದುಕೊಂಡಷ್ಟೂ ಅದು ನಮಗೆ ಹತ್ತಿರವಾಗುತ್ತದೆ. ನನಗೆ ಈ ವಿದ್ಯೆಯಲ್ಲಿ ಅತ್ಯಂತ ಸಂತೋಷ ಕೊಡುವ ಭಾಗ ಇದು.

ಸ್ವರಗಳು ಹೀಗೆ ಅಲ್ಲೋಲಕಲ್ಲೋಲವಾಗಿದ್ದಾಗಲೇ ಅಚ್ಚುಯಂತ್ರ ಬಂತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಯಾವ ಊರಿನ ಇಂಗ್ಲಿಷನ್ನು ಅಚ್ಚು ಹಾಕಬೇಕು ಎಂಬುದೇ ಅವನ ತಲೆನೋವು. 1490ರ ತನ್ನ ‘ಎನೀಡೋಸ್’ ಪುಸ್ತಕದ ಮುನ್ನುಡಿಯಲ್ಲಿ ಅವನು ಒಂದು ಪ್ರಸಂಗ ಬರೆದಿದ್ದಾನೆ. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಲ್ಲಿ ಹಡಗು ಹತ್ತಿ ಕಡಲಾಚೆ ಹೊರಟರು. ಗಾಳಿ ಬೀಸಲಿಲ್ಲ. ದಡಕ್ಕಿಳಿದರು. ಅವರಲ್ಲಿ ಶೆಫೀಲ್ಡ್ ಎಂಬವನು ಒಂದು ಮನೆಗೆ ಹೋಗಿ ತಿನ್ನಲು ಎಗ್ಸ್ ಕೊಡಿ ಎಂದ. ಮನೆಯೊಡತಿ, ತನಗೆ ಫ್ರೆಂಚ್ ಬರುವುದಿಲ್ಲ ಎಂದಳು! ಅವನಿಗೆ ಕೋಪ ಬಂತು, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಮುಂದೆ ಬಂದು ಐರೆನ್ ಬೇಕಂತೆ ಎಂದ ಮೇಲೆ ಅವಳಿಗೆ ಮೊಟ್ಟೆ ಎಂದು ತಿಳಿಯಿತು. ಆ ಹೆಂಗಸಿನದು ಇಂಗ್ಲೆಂಡಿನ ಹಳೆಯ ಪದ. ಎಗ್ ಎಂಬುದು ಕಡಲು ದಾಟಿ ಬಂದ ನಾರ್ಸ್ ಜನರದು. ಇಂಥ ಹೊತ್ತಿನಲ್ಲಿ ಒಬ್ಬ ಮುದ್ರಕ ಏನು ಬರೆಯಬೇಕು ಎಂದು ಕ್ಯಾಕ್ಸ್‌ಟನ್ ಅಲವತ್ತುಕೊಂಡಿದ್ದಾನೆ. ಅವನ ಸಂಕಟ ನಿಜವಾದದ್ದು. ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಮೂರನ್ನೂ ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾಕ್ಸ್‌ಟನ್ ಬಹಳ ಕಾಲ ಫ್ಲೆಮಿಷ್ ನಾಡಿನಲ್ಲಿ ಇದ್ದವನು. ದೆವ್ವಕ್ಕೆ ಘೋಸ್ಟ್ ಎಂದು ಬರೆಯುವಾಗ ಜಿ ಪಕ್ಕದಲ್ಲಿ ನಿಲ್ಲುವ ಎಚ್ ಅಲ್ಲಿನ ಕಾಗುಣಿತದ ಪ್ರಭಾವದಿಂದ ಅವನ ಅಚ್ಚುಮನೆಯೊಳಗೆ ನುಸುಳಿದ್ದು. ಉಚ್ಚಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇಂಗ್ಲಿಷಿನ ಕಾಗುಣಿತಕ್ಕೆ ತಲೆಬುಡವಿಲ್ಲ ಎಂದು ತೋರಿಸಲು ಎಲ್ಲರೂ ಹೇಳುವ ಚಟಾಕಿಯೊಂದಿದೆ. ಜಿ-ಎಚ್-ಒ-ಟಿ-ಐ ಎಂದು ಬರೆದು ಅದನ್ನು ಫಿಶ್ ಎಂದು ಓದಬಹುದಂತೆ: ಇನಫ್‌ನ ಜಿ-ಎಚ್, ವಿಮೆನ್‌ನ ಒ, ನೇಶನ್‌ನ ಟಿ-ಐ. ಬರ್ನಾರ್ಡ್ ಶಾ ಹೇಳಿದ್ದು ಎಂದು ಪ್ರಸಿದ್ಧ. ಆದರೆ ಲಂಡನ್ನಿನ ಪ್ರಕಾಶಕ ಚಾರ್ಲ್ಸ್ ಓಲಿಯರ್ 1855ರಲ್ಲಿ ಬರೆದ ಒಂದು ಕಾಗದದಲ್ಲೇ ಅದಿದೆ, ಶಾ ಹುಟ್ಟಿದ್ದು 1856ರಲ್ಲಿ. ಚಟಾಕಿ ಸೊಗಸಾಗಿದೆ, ಆದರೆ ನ್ಯಾಯವಾದದ್ದಲ್ಲ. ಪದದ ಮೊದಲಲ್ಲಿ ಬಂದ ಜಿ-ಎಚ್ ಎಂದೂ ಎಫ್ ಆಗುವುದಿಲ್ಲ. ಪದದ ಕೊನೆಯಲ್ಲಿ ಬಂದ ಟಿ-ಐ ಎಂದೂ ಶ್ ಆಗುವುದಿಲ್ಲ. ಇಂಗ್ಲಿಷಿಗೂ ಕಟ್ಟುಪಾಡಿದೆ. ಅದನ್ನು ಮುರಿದು ಕಟ್ಟಿದ ಚಟಾಕಿ ಇದು.

ಈ ಕಾಗುಣಿತವನ್ನು ತಿದ್ದಲು ಹೋದವರು ಸಣ್ಣವರಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ 300 ಪದಗಳ ಸರಳ ಬರಹವನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆಜ್ಞೆ ಹೊರಡಿಸಿ, ವಿರೋಧಕ್ಕೆ ಮಣಿದು ಅದೇ ವರ್ಷ ಹಿಂತೆಗೆದುಕೊಂಡರು. ಹೊಸ ಲಿಪಿ ಮಾಡಿಸಲು ಶಾ ಉಯಿಲಿನಲ್ಲಿ ಹಣವಿಟ್ಟರು. ಆ ಲಿಪಿಯಲ್ಲಿ ಅವರ ‘ಆಂಡ್ರೊಕ್ಲೀಸ್ ಅಂಡ್ ದ ಲಯನ್’ ನಾಟಕ 1962ರಲ್ಲಿ ಅಚ್ಚಾಯಿತು. ಓದುಗರ ಕೈ ಹಳೆಯ ಅಕ್ಷರಗಳನ್ನು ಬಿಡಲಿಲ್ಲ. ಬಿಡದಿದ್ದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ಸೈನ್ ಪದದಲ್ಲಿ ಮೂಕವಾಗಿರುವ ಜಿ ಸಿಗ್ನಲ್‌ನಲ್ಲಿ ಬಾಯಿ ಬಿಡುತ್ತದೆ. ಬಾಂಬ್‌ನ ಕೊನೆಯ ಬಿ ಬಂಬಾರ್ಡ್‌ನಲ್ಲಿ ಕೇಳುತ್ತದೆ. ಡೆಟ್‌ನ ಆ ಬಿ ಕೂಡ ಎಲ್ಲರ ಜೇಬಿನ ಡೆಬಿಟ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅಕ್ಷರ ತೆಗೆದುಹಾಕಿದರೆ ಈ ನಂಟು ಕಣ್ಣಿಗೆ ಕಾಣದೆ ಹೋಗುತ್ತದೆ.

ಇಂಗ್ಲಿಷ್ ಕಲಿಸುವ ಶಿಕ್ಷಕರಲ್ಲಿ, ಮನೆಯಲ್ಲಿ ಪಾಠ ಹೇಳಿಕೊಡುವ ತಂದೆತಾಯಿಗಳಲ್ಲಿ ಒಂದು ಕೋರಿಕೆ. ಕನ್ನಡದಲ್ಲಿ ಕೇಳಿದಂತೆ ಬರೆದು ಅಭ್ಯಾಸವಾದ ಮಗು ಇಂಗ್ಲಿಷಿನಲ್ಲಿ ಒಂದು ಮೂಕ ಅಕ್ಷರ ಬಿಟ್ಟರೆ ಅದು ದಡ್ಡತನವಲ್ಲ. ಅದರ ಕಿವಿ ಸರಿಯಾಗಿ ಕೆಲಸ ಮಾಡುತ್ತಿದೆ. ಹತ್ತು ಸಲ ಬರೆಸುವ ಬದಲು ಆ ಅಕ್ಷರದ ಕಥೆ ಹೇಳಿ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಕನ್ನಡದ ಪದಗಳಿಗೆ ಮಾಡಿದ ಕೆಲಸವನ್ನು ತರಗತಿಯಲ್ಲಿ ಇಂಗ್ಲಿಷ್ ಪದಗಳಿಗೆ ವಾರಕ್ಕೆ ಐದು ನಿಮಿಷ ಮಾಡಿದರೂ ಸಾಕು. ನಿಘಂಟು ಕೊಳ್ಳುವಾಗ ಅರ್ಥದ ಜತೆ ಪದದ ಮೂಲವನ್ನೂ ಕೊಡುವುದನ್ನೇ ಆರಿಸಿ. ಅಂಥದ್ದೊಂದು ಪ್ರತಿ ಶಾಲೆಯ ಕಪಾಟಿನಲ್ಲಿ ಮಕ್ಕಳ ಕೈಗೆಟುಕುವಂತೆ ಇರಲಿ.